ಸಿಸ್ಟರಮ್ಮನ ಅರ್ಧ ತಾಸು

ಎಬ್ಬಸಬ್ಯಾಡ ಅಂದ್ನಲ್ಲಲೇ, ಬಾ ಇಲ್ಲೆ, ಕಟ್ಟಿ ಮ್ಯಾಲೆ ಕುಂದ್ರು. ನಿಮ್ಮವ್ವ ಈಗರ ಡ್ಯೂಟಿ ಮುಗಿಸಿ ಬಂದು ಅಡ್ಡಾಗ್ಯಾಳ. ನರ್ಸ್ ಕೆಲಸ ಅಂದ್ರ ಏನಂತ ಈ ಅಜ್ಜನ್ನ ಕೇಳು. ಎಪ್ಪತ್ತೆಂಟೋ, ಅಲ್ಲಲ್ಲ, ಎಂಬತ್ತನೇ ಇಸವಿ ಹತ್ತಿತ್ತು, ದೇವದುರ್ಗ ಮಾನ್ವಿ ನಡುವ ಒಂದು ದವಾಖಾನ್ಯಾಗ ಬಾಗಲಾ ಕಾಯೋ ಜವಾನ ಇದ್ದೆ. ಕಲ್ತಿದ್ದು ಎರಡನೇ ಇಯತ್ತೆ ಖರೆ, ಆದ್ರ ನಾ ಅಡ್ಡ ನಿಂತ್ರ ಪೊಲೀಸ್ ಫೌಜ್ದಾರನೂ ಒಳಗ ಹೋಗ್ತಿದ್ದಿಲ್ಲ! ಮೂವತ್ತು ಮಂಚ, ನರ್ಸ್ ಒಬ್ಬಾಕಿ. ಕೇರಳದಾಕಿ, ಸಿಸ್ಟರಮ್ಮ ಅಂತಿದ್ವಿ. ಆಕಿಗೆ ಕುಂದ್ರಾಕ ಕುರ್ಚಿ ಇದ್ದಿಲ್ಲ ನೋಡು. ಇತ್ತು, ಒಂದಿತ್ತು, ಅದನ್ನೂ ಡಾಕ್ಟರು ತಮ್ಮ ಖೋಲಿಗೆ ಒಯ್ಸಿದ್ರು, "ನರ್ಸ್ ಕುಂತ್ರ ರೋಗಿ ಯಾರು ನೋಡ್ತಾರ?" ಅಂತ. ಸೂಜಿ ಕುದಿಸೋದೂ ಆಕಿ, ಹೆರಿಗಿ ಮಾಡ್ಸೋದೂ ಆಕಿ, ಬೈಸ್ಕೊಳ್ಳೋದೂ ಆಕಿ. ಮಂದಿ ಅಂತೂ "ಸಿಸ್ಟರ್, ಬಾಟ್ಲಿ ಮುಗೀತ್ರೀ", "ಸಿಸ್ಟರ್, ನಮ್ಮಪ್ಪ ಕೆಮ್ಮಾಕತ್ಯಾನ್ರೀ". ಒಂದಿನ ದಣದು, ಕೈಯಾಗಿನ ಗಾಜಿನ ಸಿರಿಂಜು ಜಾರಿ ಬಿದ್ದು ಒಡೀತು, ಆಕಿ ಅದನ್ನ ನೋಡ್ಕೋತ ನಿಂತಬಿಟ್ಳು. ಆವಾಗ ನಾನ ಉಪಾಯ ಮಾಡಿದೆ. ಚಾದರ ಇಡೋ ಖೋಲ್ಯಾಗ ಸ್ಟೂಲ್ ಇಟ್ಟೆ. "ದಿನಾ ಮಧ್ಯಾಹ್ನ ಅರ್ಧ ತಾಸು ಬಾಗಲಾ ಹಾಕ್ಕೊಂಡು ಉಣ್ರೀ ಸಿಸ್ಟರಮ್ಮ. ಸಾಯೋರು ಬಂದ್ರಷ್ಟ ಬಾಗಲಾ ಬಡೀತೀನಿ" ಅಂದೆ. ಡಾಕ್ಟರು ಕೇಳಿದ್ರ, "ಹೆರಿಗಿ ಖೋಲ್ಯಾಗ ಅದಾರ್ರೀ ಸಾಹೇಬ್ರ!" ಅಂತಿದ್ದೆ. ಆರು ತಿಂಗಳು ನಡೀತು ಹಂಗ. ಮತ್ತ ಒಂದು ಸಿರಿಂಜೂ ಒಡೀಲಿಲ್ಲಲೇ. "ಅಣ್ಣಾ" ಅಂತಿದ್ಳು ನನಗ.

ಆಮ್ಯಾಲೆ ಒಂದಿನ ಆಕಿ ಉಣ್ಣೋ ಹೊತ್ತಿಗೆ ಚೀಕಲಪರ್ವಿಯಿಂದ ನನ್ನ ಷಡ್ಡಕ ಬಂದ, ಬೆನ್ನಾಗೊಂದು ಕುರು. "ಏನಪಾ, ದವಾಖಾನಿ ನನ್ನ ಕೈಯಾಗ ಅದ ಅಂತ ಮದವ್ಯಾಗ ಮೀಸಿ ತಿರುವತಿದ್ದಿ, ಈಗ ಮಂದಿ ಜೋಡಿ ಹೊರಗ ಕುಂದ್ರಸ್ತಿ?" ಅಂದ. ನನ್ನ ಮೀಸಿ ಸುಮ್ನಿದ್ದೀತೇನು? ಹೋಗಿ ಬಾಗಲಾ ಬಡದೆ. ಬಾಯಾಗಿನ ತುತ್ತು ಹಂಗ ಇಟ್ಕೊಂಡು ಓಡಿ ಬಂದ್ಳು. "ಯಾರಿಗೇನಾತು ಅಣ್ಣಾ?" ಕುರು ನೋಡಿದ್ಳು. ನನ್ನ ನೋಡಿದ್ಳು. ಕೈ ತೊಳದು ಪಟ್ಟಿ ಕಟ್ಟಿದ್ಳು. "ನೀವೂ ಬಡದ್ರೀ" ಅಂದ್ಳು, ಅಷ್ಟ.

ಮರುದಿನದಿಂದ ಆ ಖೋಲಿಗೆ ಹೋಗಲಿಲ್ಲ, ನಿಂತ ಉಂಡ್ಳು. ಎರಡು ತಿಂಗಳಿಗೆ ರಾಯಚೂರಿಗೆ ವರ್ಗ ಮಾಡಿಸ್ಕೊಂಡ್ಳು. ಟ್ರಂಕು ಬಸ್ಸಿನ ಮ್ಯಾಲೆ ನಾನ ಏರಿಸಿದೆ, ಅಣ್ಣಾ ಅನ್ನಲಿಲ್ಲ. ಆಕಿ ಜಾಗಕ್ಕ ವರ್ಷಗಟ್ಲೆ ಯಾರೂ ಬರಲಿಲ್ಲ. ಬ್ಯಾನಿ ತಿನ್ಕೋತ ಬಂದ ಬಸುರಿಯರಿಗೆ "ರಾಯಚೂರಿಗೆ ಹೋಗ್ರಿ" ಅನ್ನೋದ ನನ್ನ ಕೆಲಸ ಆತು. ಫೌಜ್ದಾರನ್ನ ತಡದೋನು ನಾ, ಆ ಬಾಗಲಾ ಬಡಿಯೋ ನನ್ನ ಕೈನ ನಾನ ತಡೀಲಿಲ್ಲ. ಮಂದಿನ ತಡಿಯೋದು ದೊಡ್ಡದಲ್ಲಲೇ. ಹಸದೀಯೇನು? ರೊಟ್ಟಿ ಬುಟ್ಟ್ಯಾಗ ಅದ, ನೀನ ತಗೊಂಡು ತಿನ್ನು.