ಒಲಿ ಆರಿಸು, ಮೆಹನಾಜ

ಹಲೋ… ಯಾರ್ರಿ? ಜೋರಾಗಿ ಮಾತಾಡ್ರಿ, ಟ್ರ್ಯಾಕ್ಟರಿನಾಗ ಕುಂತೇನಿ. ಹಾಂ, ಉಡಚವ್ವನ ಮಾತಾಡೋದು, ಹೊಂಬಳದ ಉಡಚವ್ವ. ನೀವ್ಯಾರು?

…

ಮೆಹನಾಜ? ನಮ್ಮ ಮುಮ್ತಾಜನ ಮಗಳು ಮೆಹನಾಜ? ಲೇ ಹುಡುಗಿ, ಇದ್ಯಾವ ನಂಬರು? ಯಾವುದಾರ ಬ್ಯಾಂಕಿನವ್ರು ಅಂತ ಇಟ್ಟು ಬಿಡಾಕತ್ತಿದ್ದೆ. ಆರಾಮ ಅದಿಯಾ? ಡೆನ್ಮಾರ್ಕಿನಾಗ ಈಗ ಎಷ್ಟಾತು?

…

ಮಧ್ಯಾಹ್ನ. ಇಲ್ಲಿ ಹೊತ್ತು ಇಳದೈತಿ. ಹೆಸರಿನ ಹೊಲದಾಗ ಕಳಿ ತಗದು ಬರಾಕತ್ತೇವಿ, ಹನ್ನೆರಡು ಮಂದಿ ಹೆಣ್ಮಕ್ಕಳು. ನಿಮ್ಮ ಅಮ್ಮಿ ಟ್ರಾಲಿ ಮೂಲ್ಯಾಗ ತೂಕಡಸಾಕತ್ತಾಳ. ಕೊಡ್ಲೇನು?

…

ಬ್ಯಾಡ? ಯಾಕ ಬ್ಯಾಡ? ತಡಿ, ಅಳಾಕತ್ತೀಯೇನು? ಮುನ್ನಿ, ಚೂರು ಆ ಕಡೆ ಸರಿಯವಾ, ಹುಡುಗಿ ಮಾತು ಕೇಳವಲ್ದು. ಹಾಂ, ಹೇಳು. ಅದೇನು ಚರ್ ಚರ್ ಸಪ್ಪಳ, ಮಳಿಯೇನು?

…

ಎಣ್ಣಿ. ಮಿರ್ಚಿ ಭಜಿ ಕರಿಯಾಕತ್ತಿ. ಡೆನ್ಮಾರ್ಕಿನಾಗ ಮಿರ್ಚಿ. ಎಷ್ಟು ಮಂದಿಗೆ?

…

ಅರವತ್ತು? ಒಬ್ಬಾಕಿನಾ? ಅಲ್ಲ ಮೆಹನಾಜ, ಹೋದ ತಿಂಗಳು ನೀ ಏನಂದಿದ್ದಿ? ದೊಡ್ಡವ್ವಾ, ಇಲ್ಲಿ ಬ್ಯಾಸಗಿ ಅಂದ್ರ ಶನಿವಾರಕ್ಕೊಂದು ಹಬ್ಬ, ಅಂಗಳದಾಗ ಉದ್ದಕ ಮೇಜು ಹಾಕ್ತಾರ, ಸುತ್ತಲಿನ ಹೊಲದವ್ರೆಲ್ಲಾ ಬರ್ತಾರ, ಹಾಡತಾರ, ಕುಣೀತಾರ, ನನ್ನೂ ಕರದಾರ ಅಂದಿ. ನಾ ಇಡೀ ಓಣಿಗೆ ಹೇಳಿಕೊಂಡು ಬಂದೇನಿ. ಆ ಮೇಜಿಗೆ ಒಮ್ಮೆರ ಕುಂತು ಉಂಡಿಯೋ ಇಲ್ಲೋ?

…

ನಾಕು ಶನಿವಾರ. ಒಮ್ಮೆನೂ ಇಲ್ಲ.

…

ಹಂಗಾರ ಇದು ಯಾರ ಫೋನು? ನಿಂದೆಲ್ಲಿ?

…

ಹಾಡಿಗೆ. ನಿನ್ನ ಫೋನಿನಾಗ ನಮ್ಮ ಕಡೆ ಹಾಡು ಛಲೋ ಅದಾವಂತ ಅಂಗಳಕ್ಕ ಒಯ್ದಾರ. ಆತು ಬಿಡು, ನಿನ್ನ ಫೋನು ಹಬ್ಬಕ್ಕ ಹೋಗೇತಿ, ನೀ ಒಲಿ ಮುಂದ ಅದಿ. ನಗಬ್ಯಾಡ. ನನಗ ನಗಿ ಬರವಲ್ದು.

…

ಸ್ಪೇನಿನ ಹುಡುಗಿದು. ಚಾರ್ಜ್ ಕಮ್ಮಿ ಐತಾ? ಇರಲಿ, ಹೇಳು. ಅಕೀನೂ ನಿನ್ನಂಗ ಸ್ವಯಂಸೇವಕಿ ಅಲ್ಲಾ? ಪಗಾರಿಲ್ಲ, ಊಟ ಹಾಕಿ ಮಲಗಾಕ ಜಾಗಾ ಕೊಡ್ತಾರ, ಬದಲಿಗೆ ದಿನಾ ಐದು ತಾಸು ಹೊಲದ ಕೆಲಸ. ಇಬ್ಬರಿಗೂ ಅದ ಕರಾರು. ಅಕಿ ಈಗ ಎಲ್ಲಿ ಅದಾಳ?

…

ಅಕಿ ಮೇಜಿಗೆ, ನೀ ಒಲಿಗೆ. ಯಾರು ಹೇಳಿದ್ರು ನಿನಗ?

…

ಯಾರೂ ಹೇಳಲಿಲ್ಲ? ಯಾರೂ ಹೇಳದ ಹೆಂಗ ಒಲಿ ಮುಂದ ಬಂದಿ?

…

ಹಾಂ… ಮೊದಲನೇ ಹಬ್ಬದ ದಿನ… ಮನಿಯಾಕಿ, ಏನಕಿ ಹೆಸರು, ಕಿರ್ಸ್ಟನ್, ಒಬ್ಬಾಕಿನ ತಾಟು ಹೊರಾಕತ್ತಿದ್ದಳು. ಸ್ಪೇನಿನ ಹುಡುಗಿ ಏಳಲಿಲ್ಲ. ನೀ ಎದ್ದಿ. ಕೈಯಾಗಿನ ತಾಟು ಇಸಗೊಂಡಿ. ಅಷ್ಟಕ್ಕ ನಿಲ್ಲಲಿಲ್ಲ, ನಮ್ಮೂರ ಮಿರ್ಚಿ ಮಾಡ್ತೀನಿ ಅಂದಿ. ಎಲ್ಲಾರೂ ಬೆರಳು ನೆಕ್ಕಿದ್ರು. ಮುಂದಿನ ವಾರ ಬಾಜೂ ಹೊಲದಾಕಿ, ಮೆಹನಾಜನ್ನ ಕಳಸು ಅಂದಳು. ಅದರ ಮುಂದಿನ ವಾರ ಇನ್ನೊಬ್ಬಾಕಿ. ಅಂದ್ರ ಕಿರ್ಸ್ಟನ್ ನಿನ್ನ ಎರವಲು ಕೊಡಾಕತ್ತಾಳ. ಹೊಲ ಹರಗೂ ಕುಂಟಿ ರಂಟಿ ಕೊಟ್ಟಂಗ.

…

ಒಳ್ಳ್ಯಾಕಿ ಇರಬಹುದು. ನಕ್ಕೊಂತನ ಮಾತಾಡಬಹುದು. ಚನ್ನಬಸವಣ್ಣನೂ ನಕ್ಕೊಂತನ ಮಾತಾಡ್ತಿದ್ದ. ಅವನ ಹೊಲದಾಗ ಶೇಂಗಾ ಕಿತ್ತ ಕಡೀ ದಿನ ನೆನಪೈತಿಲ್ಲೋ? ನೀನೂ ಇದ್ದಿ. ಕಡೀ ದಿನ ಹೊಲದವನು ಆಳಿಗೆ ಊಟ ನೀಡಬೇಕು, ಅದು ನಮ್ಮ ಗುಂಪಿನ ಕಟ್ಟು. ಅವ ಬುಟ್ಟಿ ತಂದಿಟ್ಟು, ನೀವ ನೀಡಿಕೊಳ್ರವಾ, ನಮ್ಮ ಮನಿ ಮಂದಿಗೂ ನೀಡ್ರಿ ಅಂದ. ನಾವು ಬದುವಿನ ಮ್ಯಾಲ ಕುಂತ್ವಿ. ಒಬ್ಬಾಕಿನೂ ಏಳಲಿಲ್ಲ. ರೊಟ್ಟಿ ಒಣಗಿ ಹಪ್ಪಳಾತು. ಕಡೀಗೆ ತಾನ ಸೊಂಟಕ್ಕ ಟವೆಲ್ ಕಟಗೊಂಡು ನೀಡಿದ. ಮೊದಲನೇ ರೊಟ್ಟಿ ನಿನ್ನ ತಾಟಿಗೆ ಬಿತ್ತು. ಅಷ್ಟು ಜಲ್ದಿ ಮರತ್ಯಾ?

…

ಏನಂದಿ?

…

ಇನ್ನೊಮ್ಮೆ ಹೇಳು… ಕೇಳ್ತು. ಕೇಳ್ತು ಬಿಡು. ಖರೆ. ನಾನ ಹೇಳಿದ್ದೆ. ಗದಗ ಸ್ಟೇಶನ್ನಿನಾಗ ನೀ ರೈಲು ಹತ್ತೂ ಮುಂದ, ಮಂದಿ ಮನ್ಯಾಗ ಸುಮ್ಮ ಕುಂಡ್ರಬ್ಯಾಡ, ಎದ್ದು ಕೈ ಹಚ್ಚು, ನಮ್ಮ ಹೆಸರು ಕೆಡಸಬ್ಯಾಡ ಅಂತ ನಾನ ಹೇಳಿದ್ದೆ.

…

ಇಲ್ಲ, ಅದೇನಿ. ಫೋನು ಇಟ್ಟಿಲ್ಲ.

ಮೈಕ್ ಹಿಡದು ಬಿಟ್ಟಿ ದುಡೀಬ್ಯಾಡ್ರಿ ಅಂತ ಒದರಾಕಿ ನಾನು. ಕಚೇರಿ ಮುಂದ ಮೂರು ದಿನ ಧರಣಿ ಕುಂತಾಕಿ ನಾನು. ಮನಿ ಹುಡುಗಿಗೆ ಬುದ್ಧಿ ಹೇಳೂ ಹೊತ್ತಿಗೆ ಬಾಯಾಗ ಬಂದದ್ದು ನಮ್ಮತ್ತಿ ಮಾತು. ಎಲ್ಲಿ ಅಡಗಿ ಕುಂತಿತ್ತೋ ಏನೋ. ನಾ ಹೇಳಿದ್ದು ತಪ್ಪು, ಮೆಹನಾಜ. ಕೇಳಿಸ್ತಾ? ತಪ್ಪು.

…

ಕಾಗದ? ಯಾವ ಕಾಗದ? … ಹಾಂ, ಮುಂದಿನ ಓದಿಗೆ ಕಿರ್ಸ್ಟನ್ ಬರದು ಕೊಡಬೇಕಾದ ಶಿಫಾರಸು. ಒಲಿ ಬಿಟ್ಟು ಎದ್ರ ಎಲ್ಲಿ ಬರಿಯೂದಿಲ್ಲೋ ಅಂತ ಅಂಜಿಕಿ. ಅಂಜಿಕಿ ಸುಳ್ಳು ಅನ್ನೂದಿಲ್ಲ ನಾನು. ಬರೀಲಿಕ್ಕಿಲ್ಲ. ಆದ್ರ ಹಿಂಗ ಇದ್ರ ಏನಂತ ಬರೀತಾಳ? ಈ ಹುಡುಗಿ ಮಿರ್ಚಿ ಛಲೋ ಕರೀತಾಳ ಅಂತನಾ? ನೀ ಹೋದದ್ದು ಬೀಜ ಕಾಯ್ದಿಡೋ ರೀತಿ ಕಲಿಯಾಕ. ಬೀಜದ ಮನಿಗೆ ಕಾಲಿಟ್ಟು ಎಷ್ಟು ದಿನಾತು?

…

ಹದಿನೈದು ದಿನ. ಯಾಕಂದ್ರ ಶುಕ್ರವಾರ ತಯಾರಿ, ಶನಿವಾರ ಕರಿಯೋದು, ರವಿವಾರ ಪಾತ್ರಿ ತಿಕ್ಕೋದು, ಉಳದ ದಿನ ಹೊಲದ ಕೆಲಸ. ಹೌದಿಲ್ಲೋ?

…

ಅದಕ್ಕ ಕೇಳು. ಕಿರ್ಸ್ಟನ್ ಮ್ಯಾಲ ಕೂಗಾಡಬ್ಯಾಡ. ನಿನಗ ಒಲಿ ಅಂದ್ರ ಬಲು ಪ್ರೀತಿ ಅಂತ ಅಕಿ ತಿಳಕೊಂಡಿರಬಹುದು. ನೀ ಹೇಳಿದ್ರಲ್ಲಾ ಗೊತ್ತಾಗೋದು? ಒಲಿ ಆರಿಸು. ಕೈ ತೊಳಿ. ಸ್ಪೇನಿನ ಹುಡುಗಿ ಬಾಜೂಕ ಖುರ್ಚಿ ಎಳಕೊಂಡು ಕುಂಡ್ರು. ಕೇಳಿದ್ರ, ಇವತ್ತು ನಾನೂ ಹಬ್ಬಕ್ಕ ಬಂದೇನಿ ಅನ್ನು. ಅದಕ್ಕ ಒಂದಕ್ಷರ ಕೂಡಸಬ್ಯಾಡ.

…

ಅರ್ಧ ಹಿಟ್ಟು ಉಳದೈತಿ? ಉಳೀಲಿ. ಅರವತ್ತು ಮಂದಿಗೆ ನೂರಾ ಇಪ್ಪತ್ತು ಕೈ ಅದಾವ.

…

ಇಡಬ್ಯಾಡ, ಫೋನು ಇಡಬ್ಯಾಡ. ಹಂಗ ಕೈಯಾಗ ಹಿಡಕೋ. ನಾ ಕೇಳಬೇಕು. ಏ ಫಕೀರೇಶ, ಗಾಡಿ ನಿಂದ್ರಸು. ಹಳ್ಳ ಇಳಿದ್ರ ರೇಂಜ್ ಹೋಕ್ಕೈತಿ. ನಿಂದ್ರಸು ಅಂದ್ರ ನಿಂದ್ರಸೋ, ಯಾಕಂತ ಆಮ್ಯಾಲ ಹೇಳ್ತೇನಿ.

…

ಎಣ್ಣಿ ಇನ್ನೂ ಒದರಾಕತ್ತೈತಿ, ಮೆಹನಾಜ.

…

ಬಾಣಲ್ಯಾಗಿನ ಕಡೀ ಘಾಣ ಕರದು ಏಳ್ತೀ? ಆ ಕಡೀ ಘಾಣ ನಮ್ಮವ್ವಗೂ ಬರಲಿಲ್ಲ, ನಿಮ್ಮವ್ವಗೂ ಬಂದಿಲ್ಲ. ಆರಿಸು.

…

ಹಾಂ. ಸಪ್ಪಳ ನಿಂತಿತು.

…

ಮುಮ್ತಾಜ, ಎದ್ದಿಯಾ? ಏನಾಗಿಲ್ಲ, ಗಾಬರಿ ಆಗಬ್ಯಾಡ. ನಿನ್ನ ಮಗಳು ಊಟಕ್ಕ ಕುಂಡ್ರಾಕ ಹೊಂಟಾಳ. ಬಾ, ಕಿವಿ ಹಚ್ಚು. ಮಾತಾಡಬ್ಯಾಡ, ಸುಮ್ಮ ಕೇಳು.

…

ಹಾಡು ಬರಾಕತ್ತೈತಿ. ಮಂದಿ ನಗಾಕತ್ತಾರ. ಕುಂತ್ಯಾ?

…

ಶಾಬಾಸ್. ಕಿರ್ಸ್ಟನ್ ಬಂದಳಾ? ಏನಂದಳು?

…

ಮಿರ್ಚಿ ಎಲ್ಲಿ ಅಂದಳು. ನೀ ಏನಂದಿ?

…

ಅಂದಿಯಾ. ಅಷ್ಟ ಅಂದಿಯಾ. ಆಮ್ಯಾಲ?

…

ಒಲಿ ಕಡೆ ನೋಡ್ಕೊಂತ ನಿಂತಾಳ? ನಿಂದ್ರಲಿ. ನೀ ಏಳಬ್ಯಾಡ. ಬದುವಿನ ಮ್ಯಾಲ ಕುಂತಂಗ ಕುಂಡ್ರು. ಇಲ್ಲಿ ನಾವೂ ಹನ್ನೆರಡು ಮಂದಿ ಗಾಡಿ ನಿಂದ್ರಿಸಿ ಕುಂತೇವಿ.

…

ನೀ ಬಿಚ್ಚಿಟ್ಟ ಏಪ್ರನ್ ಎತ್ತಿಕೊಂಡಳಾ? ಯಾಕ? ತನ್ನ ಸೊಂಟಕ್ಕ ಕಟಗೊಳ್ಳಾಕೋ, ನಿನ್ನ ಕೈಯಾಗ ಕೊಡಾಕೋ? ಮೆಹನಾಜ, ನೋಡಿ ಹೇಳು, ಸೊಂಟಕ್ಕೋ ಕೈಯಾಗೋ… ಹಲೋ… ಹಲೋ…

…

ಹೋತು ಮುಮ್ತಾಜ, ಲೈನ್ ಹೋತು. ಫಕೀರೇಶ, ಗಾಡಿ ಬಿಡಬ್ಯಾಡ. ಯಾರೂ ಇಳೀಬ್ಯಾಡ್ರಿ. ಅಕಿ ಇನ್ನೂ ಕುಂತಾಳ.