ನಾಲ್ಕನೆಯ ವಾಲ್ವ್

ಐರೋಲಿ ಸ್ಟೇಷನ್ನಿನಲ್ಲಿ ಪನವೇಲ್ ಗಾಡಿಗೆ ಕಾದು ಕೂತಿದ್ದ ಕಲಬುರಗಿಯ ಸುಲೋಚನಾಗೆ ಬೆಂಚಿನ ಆ ಕೊನೆಯಲ್ಲಿ ಕನ್ನಡ ಕೇಳಿಸಿ ಕಿವಿ ನಿಮಿರಿತು. ಕರಾವಳಿಯ ಮಾತು, ಗಂಡ-ಹೆಂಡತಿ. ಗಂಡ ಪುಟ್ಟದೊಂದು ಡಬ್ಬಿಯನ್ನು ಮತ್ತೆ ಮತ್ತೆ ತೆರೆದು ಒಳಗಿದ್ದ, ಹಳೇ ರೇಡಿಯೋಗಳಲ್ಲಿರುತ್ತಿದ್ದಂಥ ಗಾಜಿನ ವಾಲ್ವ್ ನೋಡುತ್ತಿದ್ದ.

"ಇದು ಎಷ್ಟನೆಯದು ಮಾರಾಯ್ರೆ?"

"ನಾಲ್ಕನೆಯದು. ಸೆಕೆಂಡ್‌ಹ್ಯಾಂಡ್, ಅಗ್ಗಕ್ಕೆ ಸಿಕ್ಕಿತು. ಇದನ್ನು ಹಾಕಿದ್ರೆ ಹಾಡು ಕೇಳುವ ನನ್ನ ಪ್ರಿಆಂಪಿನ ಗುಂಯ್ ಸದ್ದು ನಿಲ್ತದೆ."

"ಹೋದ ಸಲವೂ ಹಾಗೇ ಹೇಳಿದ್ರಿ."

"ಹೋದ ಸಲ ಅರ್ಥಿಂಗ್ ಸರಿ ಇರ್ಲಿಲ್ಲ."

"ದಿನಾ ಅದೇ ಹಾಡು ಹಾಕ್ತೀರಿ, ಪಲ್ಲವಿ ಮುಗಿಯುವ ಮೊದಲೇ ಬಂದ್ ಮಾಡಿ ಸ್ಕ್ರೂ ಬಿಚ್ತೀರಿ. ಎರಡನೇ ಚರಣ ಎಂತ, ಹೇಳಿ ನೋಡುವ?"

ಗಂಡ ಡಬ್ಬಿ ಮುಚ್ಚಿದ, ಕಾಲು ಕುಣಿಸಿದ, ಹಳಿಯ ಕಡೆ ನೋಡಿದ.

"ನಿನಗೆ ಗೊತ್ತುಂಟಾ?"

"ನಿನ್ನೆ ಚಪಾತಿ ಲಟ್ಟಿಸುವಾಗ ಮೊಬೈಲಿನಲ್ಲಿ ಇಡೀ ಹಾಡು ಕೇಳಿದೆ. ಕಣ್ಣಲ್ಲಿ ನೀರು ಬಂತು."

ಅಷ್ಟರಲ್ಲಿ ಠಾಣೆ ಗಾಡಿ ಬಂತು. ಡಬ್ಬಿಯನ್ನು ಎದೆಗವಚಿಕೊಂಡು ನೂಕಾಟದಲ್ಲಿ ಹತ್ತುತ್ತಾ ಗಂಡ ತಿರುಗಿ ಹೆಂಡತಿಯನ್ನು ಕೇಳಿದ್ದು ಸುಲೋಚನಾಗೆ ಸರಿಯಾಗಿಯೇ ಕೇಳಿಸಿತು:

"ಮೊಬೈಲಿನಲ್ಲಿ ಗುಂಯ್ ಇತ್ತಾ?"