ಪುಂಡರೀಕಾಕ್ಷಣ್ಣನ ಮೂರನೇ ಸ್ಕ್ಯಾನ್

ನಮ್ಮ ಬಿ ವಿಂಗ್‌ನ ಭಾಗ್ಯಾಳಿಗೇ ಆದದ್ದು ಇದು. ಆ ರಾತ್ರಿ ಕಲ್ಯಾಣ್ ಸ್ಟೇಷನ್ನಿನಲ್ಲಿ ರಿಕ್ಷಾ ಸಿಗದೆ ನಡೆದೇ ಬರುತ್ತಿದ್ದಳು. ಹತ್ತೂಮುಕ್ಕಾಲು. ಸೊಸೈಟಿಯ ಹಿಂದೆ ಕಬ್ಬಿಣದ ಜಾಳಿಗೆ ಮುಚ್ಚಿದ ಬಾವಿ ಇದೆಯಲ್ಲ... ಅದರ ಕಟ್ಟೆಯ ಮೇಲೆ ಯಾರೋ ಕೂತಿದ್ದರು.

"ಭಾಗ್ಯಕ್ಕಾ..."

ಪುಂಡರೀಕಾಕ್ಷಣ್ಣ. ಟಿಟ್ವಾಳಾದವರು, ಹೋಟೆಲಿನ ಗಲ್ಲಾದಲ್ಲಿ ಕೂತು ಕೂತೇ ರಿಟೈರ್ ಆದವರು. ಲಿವರಿನ ನೀರುಗುಳ್ಳೆ ಆಪರೇಷನ್ ಮಾಡಿ ತೆಗೆದ ಮೇಲೆ, ಅದು ಮತ್ತೆ ಎದ್ದಿದೆಯೋ ಎಂದು ನೋಡಲಿಕ್ಕೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಬರುತ್ತಿದ್ದದ್ದು ಡೊಂಬಿವಲಿಯಲ್ಲಿ ಭಾಗ್ಯಾ ರಿಪೋರ್ಟ್ ಟೈಪ್ ಮಾಡುವ ಸೆಂಟರಿಗೆ. ಎರಡು ಸಲ ಏನೂ ಇರಲಿಲ್ಲ. ಮೂರನೇ ಸಲ ಡಾಕ್ಟರು, "ಹೊಸದೊಂದು ಕಾಣ್ತದೆ, ಸರ್ಜನ್‌ಗೆ ಕೂಡಲೇ ತೋರಿಸಲಿ ಅಂತ ಬರಿ" ಅಂದರು. ಭಾಗ್ಯಾ ಎಂದಿನಂತೆ ಹಳೇ ರಿಪೋರ್ಟನ್ನೇ ತೆರೆದು ತಾರೀಕು ಬದಲಿಸಿದಳು. ಕೊನೆಯ ಸಾಲು ಬದಲಿಸಲು ಮರೆತಳು. ಡಾಕ್ಟರು ಓದದೆ ಸಹಿ ಹಾಕಿದರು, ಅದೂ ಎಂದಿನಂತೆ. 'ಗುಳ್ಳೆ ಇಲ್ಲ' ಎಂದೇ ಉಳಿಯಿತು.

ತಪ್ಪು ಗೊತ್ತಾಗಿ ಎರಡು ತಿಂಗಳು. ದಿನಾ ಅವರ ನಂಬರ್ ತೆಗೆಯುವುದು, ನಾಚಿಕೆಯಾಗಿ ಫೋನು ಮುಚ್ಚಿಡುವುದು. ಎಂ.ಎ. ಓದಿದವಳಿಗೆ ಒಂದು ಸಾಲು ಬದಲಿಸಲಿಕ್ಕೆ ಬರಲಿಲ್ಲವಂತೆ ಎಂದು ನಮ್ಮ ಕನ್ನಡ ಸಂಘದಲ್ಲೆಲ್ಲ ಆಡಿಕೊಂಡರೆ?

"ಈ ಹೊತ್ತಲ್ಲಿ ಇಲ್ಲೇನಣ್ಣಾ?"

"ಟಿಟ್ವಾಳಾ ಲೋಕಲ್ ತಪ್ಪಿತು ಮಾರಾಯ್ತಿ." ಪಿಸುದನಿ. "ನನ್ನ ರಿಪೋರ್ಟು... ಸರಿ ಇದೆಯಲ್ಲ?"

ಹೇಳಿಬಿಡು, ಈಗಲೇ ಹೇಳಿಬಿಡು ಎಂದಿತು ಮನಸ್ಸು. ನಾಲಿಗೆ ಕೇಳಲಿಲ್ಲ.

"ಸರಿ ಇದೆ ಅಣ್ಣಾ."

ಅವರು ಉಸಿರು ಎಳೆದುಕೊಂಡರು... ಸ್ಸ್‌ಸ್... ಸ್ಕ್ಯಾನಿನ ಮಂಚದ ಮೇಲೆ ಡಾಕ್ಟರು 'ಹಿಡೀರಿ' ಅಂದಾಗ ಎಳೆಯುವ ಹಾಗೆ. ಭಾಗ್ಯಾ ತಲೆ ತಗ್ಗಿಸಿ ಕಾದಳು. ಬಿಟ್ಟ ಸದ್ದು ಬರಲೇ ಇಲ್ಲ. ಜಾಳಿಗೆಯ ಕೆಳಗೆ ನೀರು ಗುಳುಕ್ ಅಂತು. ತಲೆ ಎತ್ತಿದರೆ... ಕಟ್ಟೆ ಖಾಲಿ.

ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಿಗ್ಗೆ ಫೋನು ಮಾಡಿಯೇ ಮಾಡಿದಳು. ಎತ್ತಿದ್ದು ಅವರ ಹೆಂಡತಿ ಜಯಲತಕ್ಕ.

"ಅವರು ಹೋಗಿ ಹದಿಮೂರು ದಿನ ಆಯ್ತಲ್ಲ. ಹೊಟ್ಟೆಯೊಳಗೇ ಗುಳ್ಳೆ ಒಡೆಯಿತಂತೆ. ಇವತ್ತು ಬೊಜ್ಜ, ಉತ್ತರಕ್ರಿಯೆಯ ಊಟ."

ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನು ಕರೆದುಕೊಂಡು ಟಿಟ್ವಾಳಾಕ್ಕೆ ಹೋದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, ಎಲ್ಲ ಹೇಳಿದಳು. ಜಯಲತಕ್ಕ ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ಕೈ ತೊಳೆದು ಬನ್ನಿ," ಅಂದರು. "ನಿಮಗೂ ಎಲೆ ಹಾಕಿದೆ."

"ನಾನು ಬರ್ತೇನಂತ... ಯಾರು ಹೇಳಿದ್ದು?"

ಊಟಕ್ಕೆ ಕರೆಯಬೇಕಾದವರ ಪಟ್ಟಿಯನ್ನು ಅವರು ಮುಂದೆ ಹಿಡಿದರು. ನಂಬದಿದ್ದರೆ ಬಿಡಿ, ಆ ಕಾಗದ ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಷ್ಟೂ ಹೆಸರು ಮಗಳು ನಿಕಿತಾ ಮರಾಠಿಯಲ್ಲಿ ಬರೆದದ್ದು. ಕಟ್ಟಕಡೆಗೆ 'ಭಾಗ್ಯಾ' ಎಂಬುದೊಂದು ಮಾತ್ರ ಕನ್ನಡದಲ್ಲಿತ್ತು. ತಾಯಿ, ಮಗಳು ಇಬ್ಬರೂ ಮರಾಠಿ ಶಾಲೆಯವರು. ಆ ಮನೆಯಲ್ಲಿ ಕನ್ನಡ ಬರೆಯಲು ಬರುತ್ತಿದ್ದದ್ದು ಪುಂಡರೀಕಾಕ್ಷಣ್ಣ ಒಬ್ಬರಿಗೇ.